ಗಿಡಗಳ ನಡುವೆ ಒಂದು ತಾಟು

"ತಮ್ಮಾ, ಉಣ್ಣೋ ತಾಟು ಹಿಂಗ್ಯಾಕ ಒಗಿಯಾಕತ್ತೀ?"

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ಅಜ್ಜ ಒಬ್ಬರು ನನ್ನನ್ನು ಕೇಳಿದ ಮೊದಲ ಮಾತು ಇದು. ಧಾರವಾಡದಲ್ಲಿ ಆಗ ಜಿಟಿಜಿಟಿ ಮಳೆ. ನಾಲ್ಕು ದಿನದಿಂದ ಬಿಸಿಲು ಕಂಡಿರಲಿಲ್ಲ. ನಮ್ಮ ಬಡಾವಣೆಯ ಹಿಂದೆ ಒಂದು ಉದ್ಯಾನ ಇದೆ. ಮುಂದಿನ ಅರ್ಧದಲ್ಲಿ ಜೋಕಾಲಿ, ಜಾರುಬಂಡೆ, ವಾಕಿಂಗ್ ದಾರಿ. ಹಿಂದಿನ ಅರ್ಧ ಬರೀ ಗಿಡ. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಬೇವಿನ ಗಿಡ, ಹುಣಸಿ ಗಿಡ. ಈ ಬರಹದಲ್ಲೂ ಹಾಗೇ ಇರಲಿ.

ಆ ಹಿಂದಿನ ಅರ್ಧಕ್ಕೆ ಯಾರೂ ಬರುವುದಿಲ್ಲ. ಅಜ್ಜ ಬಂದಿದ್ದರು. ಧೋತರ, ತಲೆಗೆ ಟೋಪಿ, ಕೈಯಲ್ಲಿ ಕಪ್ಪು ಛತ್ರಿ. ನಾನು ಎಸೆದ ಹಳದಿ ಡಿಸ್ಕು, ಅಂದರೆ ತಾಟಿನಂಥ ಚಪ್ಪಟೆ ಬಿಲ್ಲೆ, ಬೇವಿನ ಗಿಡಕ್ಕೆ ಬಡಿದು ಅವರ ಕಾಲಿನಿಂದ ನಾಲ್ಕು ಮಾರು ದೂರದಲ್ಲಿ ಬಿದ್ದಿತ್ತು. ನನಗೆ ಎದೆ ಧಸಕ್ ಎಂದಿತು. ಓಡಿ ಹೋಗಿ ತಪ್ಪಾಯಿತು ಅಂದೆ.

"ತಾಟಲ್ರೀ ಅಜ್ಜಾರ, ಇದೊಂದು ಆಟ, ಡಿಸ್ಕ್ ಗಾಲ್ಫ್ ಅಂತ."

"ಆಟಾನ? ಯಾರ ಜೋಡಿ ಆಡಾಕತ್ತೀ? ನೀ ಒಬ್ನ ಅದೀಯಲ್ಲೋ."

ಆ ಪ್ರಶ್ನೆಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ.

ಈ ಆಟ ನನಗೆ ಸಿಕ್ಕಿದ್ದು ಅಕ್ಕನ ಊರಿನಲ್ಲಿ. ಅಕ್ಕ ಇರುವುದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲೆಟ್ ನಗರದಲ್ಲಿ. ಒಂದು ಬೇಸಿಗೆ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದೆ. ಅಕ್ಕನ ಮಗನಿಗೆ ಹದಿನೈದು ವರ್ಷ. ಅವನ ಕನ್ನಡ ಅಕ್ಕನಿಂದ ಬಂದದ್ದು, ಅಪ್ಪಟ ಧಾರವಾಡದ್ದು. ಒಂದು ಸಂಜೆ ಬೆನ್ನಿಗೆ ಚೀಲ ಹಾಕಿಕೊಂಡು "ಮಾಮಾ, ಬಾ, ಅಡವ್ಯಾಗ ಹೋಗೂಣು" ಅಂದ. ಹೋದೆವು.

ಅದು ರೀಡಿ ಕ್ರೀಕ್ ಎಂಬ ಸಾರ್ವಜನಿಕ ಉದ್ಯಾನ. ಉದ್ಯಾನ ಅಂದರೆ ನಾವು ಇಲ್ಲಿ ನೋಡುವಂಥ ಹುಲ್ಲುಹಾಸು, ಕಾರಂಜಿ ಅಂದುಕೊಳ್ಳಬೇಡಿ. ಅದರ ದೊಡ್ಡ ಭಾಗ ನಿಜವಾದ ಕಾಡು. ಓಕ್, ಪೈನ್, ನೆಟ್ಟಗೆ ಮೇಲಕ್ಕೆ ಹೋಗುವ ಟ್ಯುಲಿಪ್ ಪಾಪ್ಲರ್. ಸ್ವೀಟ್‌ಗಮ್ ಎಂಬ ಗಿಡದ ಮುಳ್ಳುಮುಳ್ಳಾದ ಕಾಯಿ ಕಾಲಡಿ ಉರುಳುತ್ತವೆ. ಆ ಕಾಡಿನ ಒಳಗೆ ಹದಿನೆಂಟು ಹೋಲ್‌ಗಳ ಡಿಸ್ಕ್ ಗಾಲ್ಫ್ ಕೋರ್ಸ್ ಇದೆ.

ಆಟ ಸರಳ. ಒಂದು ಜಾಗದಿಂದ ಡಿಸ್ಕು ಎಸೆಯಬೇಕು. ಅದು ಎಲ್ಲಿ ಬೀಳುತ್ತದೋ ಅಲ್ಲಿಂದ ಮತ್ತೆ ಎಸೆಯಬೇಕು. ಕೊನೆಗೆ ಕಂಬದ ಮೇಲೆ ಇರುವ, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಎಷ್ಟು ಕಡಿಮೆ ಎಸೆತದಲ್ಲಿ ಬಿದ್ದರೆ ಅಷ್ಟು ಒಳ್ಳೆಯದು. ಹೆಸರಿಗೆ ಹೋಲ್, ಆದರೆ ನೆಲದಲ್ಲಿ ತೂತು ಇರುವುದಿಲ್ಲ. ದುಡ್ಡು ಕೊಡಬೇಕಿಲ್ಲ, ಚೀಟಿ ಇಲ್ಲ, ಗೇಟು ಇಲ್ಲ. ಜಗತ್ತಿನಲ್ಲಿ ಇಂಥ ಕೋರ್ಸ್‌ಗಳು ಈಗ 15,000ಕ್ಕೂ ಜಾಸ್ತಿ ಇವೆ. ಬಹುಪಾಲು ಕಡೆ ಹೀಗೇ, ಸುಮ್ನೆ ಹೋಗಿ ಆಡಿ ಬರಬಹುದು.

ಮೊದಲ ಹೋಲ್‌ನಲ್ಲಿ ನಿಂತು ನೋಡಿದರೆ ಬುಟ್ಟಿ ಕಾಣಲೇ ಇಲ್ಲ. ಎದುರಿಗೆ ಬರೀ ಗಿಡದ ಬೊಡ್ಡೆಗಳು. ನಡುವೆ ಒಂದು ಓಣಿಯಂಥ ಜಾಗ, ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗುತ್ತದೆ. ಕ್ರಿಕೆಟ್ ಆಡಿ ಬೆಳೆದ ತೋಳು ನನ್ನದು. ಬಲ ಹಾಕಿ ಒಗೆದೆ. ಹದಿನೈದು ಮೀಟರ್ ಕೂಡ ಹೋಗಲಿಲ್ಲ. ಟಪ್ ಅಂತ ಓಕ್ ಗಿಡಕ್ಕೆ ಬಡಿದು ಹಿಂದಕ್ಕೇ ಬಂತು. ಮುಂದಿನದಕ್ಕೆ ಇನ್ನೂ ಬಲ ಹಾಕಿದೆ. ಅದು ಇನ್ನೊಂದು ಗಿಡಕ್ಕೆ ಬಡಿದು ಪೊದೆಯಲ್ಲಿ ಹೋಯಿತು. ಹುಡುಗ ನಗಲಿಲ್ಲ. ಚೀಲದಿಂದ ಬೇರೆ ಡಿಸ್ಕು ತೆಗೆದು ಕೊಟ್ಟ. "ಮಾಮಾ, ಜೋರ್ ಒಗೀಬ್ಯಾಡ. ಗಿಡದಾಗ ಪಟರ್ ಒಗಿ. ಮೆಲ್ಲಕ ಹೋಗ್ತದ, ಆದ್ರ ಹೇಳಿದ ಮಾತು ಕೇಳ್ತದ."

ಡಿಸ್ಕುಗಳಲ್ಲಿ ಮೂರು ಬಗೆ. ಡ್ರೈವರ್‌ನ ಅಂಚು ತೆಳ್ಳಗೆ, ಚೂಪು. ಅದು ದೂರ ಹೋಗುತ್ತದೆ, ಆದರೆ ವೇಗ ಬೇಕು. ಪಟರ್‌ನ ಅಂಚು ದಪ್ಪ, ದುಂಡಗೆ. ನಿಧಾನವಾಗಿ, ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ನಡುವಿನದು ಮಿಡ್‌ರೇಂಜ್. ಬಯಲಿನಲ್ಲಿ ಡ್ರೈವರ್ ರಾಜ. ಗಿಡಗಳ ನಡುವೆ ಅದು ತಂದೊಡ್ಡುವ ಕಷ್ಟವೇ ಜಾಸ್ತಿ.

ಆಮೇಲೆ ಹುಡುಗ ಒಂದು ವಿಷಯ ತೋರಿಸಿದ. ಬಲಗೈಯವರು ಎದೆಯ ಕಡೆಯಿಂದ ಹೊರಕ್ಕೆ ಬೀಸಿ ಎಸೆದರೆ, ಅದೇ ಬ್ಯಾಕ್‌ಹ್ಯಾಂಡ್, ಡಿಸ್ಕು ಕೊನೆಗೆ ಎಡಕ್ಕೆ ವಾಲುತ್ತದೆ. ಹೆಚ್ಚಾಗಿ ಹೀಗೇ. ಹಾಗಾಗಿ ಎಡಕ್ಕೆ ತಿರುಗುವ ಓಣಿಗೆ ಬ್ಯಾಕ್‌ಹ್ಯಾಂಡೇ ಸರಿ. ಯಾಕೆ ಎಡಕ್ಕೆ? ಅವನು ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದ. ನನಗೆ ಮಾತ್ರ ಬಗರಿ ನೆನಪಾಯಿತು.

ಬಗರಿ ಆಡಿದವರಿಗೆ ಇದು ಗೊತ್ತು. ಜೋರಾಗಿ ತಿರುಗುವ ಬಗರಿ ಓರೆಯಾಗಿ ನಿಂತರೂ ಬೀಳುವುದಿಲ್ಲ. ವಾಲಿದ ಕಡೆಗೆ ಬೀಳುವ ಬದಲು ಪಕ್ಕಕ್ಕೆ ಸರಿಯುತ್ತಾ ಸುತ್ತು ಹೊಡೆಯುತ್ತದೆ. ತಿರುಗುವ ವಸ್ತುವನ್ನು ಒಂದು ಕಡೆಗೆ ಒತ್ತಿದರೆ ಅದು ಬಾಗುವುದು ಇನ್ನೊಂದು ಕಡೆಗೆ. ಡಿಸ್ಕಿನದೂ ಅದೇ ಗುಣ. ವೇಗ ಇಳಿದಾಗ ಗಾಳಿ ಅದರ ಮುಂದಿನ ಅಂಚನ್ನು ಮೇಲಕ್ಕೆ ಒತ್ತುತ್ತದೆ. ತಿರುಗದ ತಾಟಾಗಿದ್ದರೆ ಮೂತಿ ಮೇಲೆತ್ತಿ ಹಿಂದಕ್ಕೆ ಮಗುಚುತ್ತಿತ್ತು. ಇದು ತಿರುಗುತ್ತಿದೆ. ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ. ಹಾಗಾಗಿ ಎಡ ಅಂಚು ಕೆಳಗಿಳಿಯುತ್ತದೆ, ಡಿಸ್ಕು ಎಡಕ್ಕೆ ಹೊರಳುತ್ತದೆ. ಬದಿಯಿಂದ ಎಸೆಯುವ ಫೋರ್‌ಹ್ಯಾಂಡಿನಲ್ಲಿ ತಿರುಗುವ ದಿಕ್ಕು ಉಲ್ಟಾ, ಹೊರಳುವುದೂ ಬಲಕ್ಕೆ. ಇದನ್ನು ತಿಳಿದ ಮೇಲೆ ಕಾಡು ನನಗೆ ಬೇರೆಯೇ ಕಂಡಿತು. ಈ ಗಿಡದ ಬಲಕ್ಕೆ ಹೋಗಿ, ಆ ಗಿಡ ದಾಟಿದ ಮೇಲೆ ಎಡಕ್ಕೆ ಬಾಗಬೇಕು ಅಂತ ಗಾಳಿಯಲ್ಲೇ ದಾರಿ ಕಾಣತೊಡಗಿತು.

ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಇನ್ನೊಂದು ನಿಯಮ. ಒಮ್ಮೆ ನನ್ನ ಡಿಸ್ಕು ಒಂದು ಎಳೆಯ ಗಿಡದ ಬುಡದಲ್ಲಿ ಬಿತ್ತು. ಎಸೆಯಲು ಕೈ ಬೀಸಿದರೆ ಟೊಂಗೆ ಅಡ್ಡ. ನಾನು ಟೊಂಗೆ ಹಿಡಿದು ಬಗ್ಗಿಸಿದೆ. ಹುಡುಗ ಓಡಿ ಬಂದ. "ಮಾಮಾ, ಹಂಗ ಮಾಡಂಗಿಲ್ಲ. ಗಿಡ ಇದ್ದಂಗ ಇರಬೇಕು. ನೀನ ಬಗ್ಗು." ಆಟದ ನಿಯಮವೇ ಹಾಗೆ. ಜೀವಂತ ಟೊಂಗೆ ಮುರಿಯುವಂತಿಲ್ಲ, ಸರಿಸಿ ದಾರಿ ಮಾಡಿಕೊಳ್ಳುವಂತಿಲ್ಲ. ಗಿಡ ಆದಷ್ಟು ಕಡಿಮೆ ಅಲುಗುವ ಹಾಗೆ ನಾವು ನಿಲ್ಲಬೇಕು. ಮಂಡಿಯೂರಿ, ಬಹಳ ಹೊತ್ತು ಹೊಂದಿಸಿಕೊಂಡು, ಕೈಯನ್ನು ನೆಲದ ಹತ್ತಿರ ತಂದು ಎಸೆದೆ. ಆರು ಮೀಟರ್ ಹೋಗಿರಬಹುದು. ಅಷ್ಟು ಹೊತ್ತು ಒಂದು ಗಿಡವನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ತೊಗಟೆಯ ಸೀಳು, ಅದರಲ್ಲಿ ಹರಿಯುವ ಇರುವೆ, ಎಲೆಯ ಹಿಂಬದಿಯ ನವಿರು ಕೂದಲು.

ಊರಿಗೆ ಬರುವಾಗ ಹುಡುಗ ನನಗೆ ಮೂರು ಡಿಸ್ಕು ಕೊಟ್ಟ. ಎರಡು ಪಟರ್, ಒಂದು ಮಿಡ್‌ರೇಂಜ್. ಪ್ರತಿಯೊಂದರ ಹಿಂಬದಿಗೆ ಮಾರ್ಕರಿನಿಂದ ನನ್ನ ಹೆಸರು, ಫೋನ್ ನಂಬರ್ ಬರೆದಿದ್ದ. ಅಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ. ಕಳೆದದ್ದು ಯಾರಿಗಾದರೂ ಸಿಕ್ಕರೆ ಫೋನ್ ಮಾಡಿ ಕೊಡುವುದು ವಾಡಿಕೆ.

ಇಷ್ಟನ್ನೂ ಅಜ್ಜನಿಗೆ ಹೇಳಿದೆ. ಮಳೆ ಜಾಸ್ತಿ ಆಗಿ ಇಬ್ಬರೂ ಹುಣಸಿ ಗಿಡದ ಕೆಳಗೆ ನಿಂತಿದ್ದೆವು. ಅವರು ತಾಟು ಅಂದದ್ದು ತಪ್ಪೇನೂ ಆಗಿರಲಿಲ್ಲ. ಅಮೆರಿಕದಲ್ಲಿ ಫ್ರಿಸ್ಬಿ ಹೆಸರಿನ ಒಂದು ಬೇಕರಿ ಇತ್ತು, ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಊರಿನಲ್ಲಿ. ಅದರ ಕಡುಬಿನಂಥ ತಿಂಡಿಯನ್ನು ತಗಡಿನ ತಾಟಿನಲ್ಲಿ ಮಾರುತ್ತಿದ್ದರು. ತಿಂದ ಮೇಲೆ ಕಾಲೇಜು ಹುಡುಗರು ಆ ತಾಟು ಎಸೆದಾಡುತ್ತಿದ್ದರು. 1957ರಲ್ಲಿ ವ್ಯಾಮ್-ಓ ಎಂಬ ಕಂಪನಿ ಫ್ರೆಡ್ ಮಾರಿಸನ್ ರೂಪಿಸಿದ ಪ್ಲಾಸ್ಟಿಕ್ ತಾಟು ಮಾರಲು ಶುರು ಮಾಡಿತು. ಕಾಗುಣಿತ ಸ್ವಲ್ಪ ಬದಲಾಗಿ ಅದಕ್ಕೂ ಫ್ರಿಸ್ಬಿ ಎಂದೇ ಹೆಸರಾಯಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಆ ತಾಟನ್ನು ತಿದ್ದಿ ಸ್ಥಿರವಾಗಿ ಹಾರುವಂತೆ ಮಾಡಿದ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಕೋರ್ಸ್ ಕಟ್ಟಿದ. ಸರಪಳಿಯ ಬುಟ್ಟಿಯೂ ಅವನದೇ. ಅದಕ್ಕೂ ಮುಂಚೆ ಜನ ಗಿಡ, ಕಂಬ, ಕಸದ ಡಬ್ಬಿಗೆ ಗುರಿಯಿಟ್ಟು ಆಡುತ್ತಿದ್ದರು.

"ಅಂವ ಈಗ ಅದಾನ?" ಅಜ್ಜ ಕೇಳಿದರು.

ಇಲ್ಲ ಅಂದೆ. ಹೆಡ್ರಿಕ್ 2002ರಲ್ಲಿ ತೀರಿಕೊಂಡ. ಅವನ ಆಸೆಯಂತೆ ಅವನ ಬೂದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕು ಮಾಡಿದರು. ಅಜ್ಜ ಸ್ವಲ್ಪ ಹೊತ್ತು ಮಳೆ ನೋಡುತ್ತಾ ನಿಂತರು.

"ನಾವು ಹೊಳ್ಯಾಗ ಬಿಡತೀವಿ. ಅಂವ ಗಾಳ್ಯಾಗ ಬಿಡಿಸಿಕೊಂಡ. ಛಲೋ ಆತು."

ಅಜ್ಜ ನವಲಗುಂದ ಕಡೆಯವರು. ಮಗನ ಮನೆಯಲ್ಲಿ ಇರಲು ಧಾರವಾಡಕ್ಕೆ ಬಂದವರು. ಅವರದು ಎರಿ ಹೊಲದ ಸೀಮೆ. ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಬಯಲು. "ನಮ್ಮಲ್ಲೆ ಗಿಡಾ ಅಂದ್ರ ಬದುವಿನ ಮ್ಯಾಲೆ ಒಂದು ಬನ್ನಿ, ಒಂದು ಬೇವು. ಒಂದೊಂದಕ್ಕೂ ಹೆಸರ ಇರತಿತ್ತು" ಅಂದರು. ಧಾರವಾಡ ಬೇರೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚು ಇದು. ಕೆಂಪು ಮಣ್ಣು, ಮಾವಿನ ತೋಪು, ಓಣಿಗೆರಡು ದೊಡ್ಡ ಗಿಡ. ಇಷ್ಟೊಂದು ಇದ್ದದ್ದಕ್ಕೇ ಏನೋ, ನಾವು ಅವಕ್ಕೆ ಹೆಸರಿಡಲಿಲ್ಲ. ಹುಬ್ಬಳ್ಳಿ ಧಾರವಾಡ ನಡುವಿನ ರಸ್ತೆ ಅಗಲವಾದಾಗ ಬದಿಯ ಎಷ್ಟೋ ಹಳೇ ಗಿಡ ಹೋದವು. ಅಲ್ಲಿ 2018ರಿಂದ ಚಿಗರಿ ಎಂಬ ಹೆಸರಿನ ಬಸ್ಸು ಓಡುತ್ತಿವೆ. ನಾನೂ ಅದರಲ್ಲೇ ಓಡಾಡುತ್ತೇನೆ, ಅನುಕೂಲ ಆಗಿದೆ. ಆದರೆ ಯಾವ ಸ್ಟಾಪಿನ ಹತ್ತಿರ ಯಾವ ಗಿಡ ಇತ್ತು ಅಂತ ಕೇಳಿದರೆ ನನಗೆ ಒಂದೂ ಹೇಳಲು ಬರುವುದಿಲ್ಲ. ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದವನು ನಾನು. ಇದು ನನ್ನನ್ನು ಈಗಲೂ ಕೊರೆಯುತ್ತದೆ.

ಮಳೆ ನಿಂತ ಮೇಲೆ ಅಜ್ಜ ಡಿಸ್ಕು ಕೇಳಿ ಇಸಿದುಕೊಂಡರು. ಚಪ್ಪಟೆ ಕಲ್ಲನ್ನು ಕೆರೆಯ ನೀರಿನ ಮೇಲೆ ಜಿಗಿಸುತ್ತೇವಲ್ಲ, ಆ ಕೈ. ಅದು ಸರಿಯಾದ ಫೋರ್‌ಹ್ಯಾಂಡ್. ಯಾರೂ ಕಲಿಸಿದ್ದಲ್ಲ. ಡಿಸ್ಕು ಎರಡು ಬೇವಿನ ನಡುವೆ ಹಾದು ಬಲಕ್ಕೆ ಹೊರಳಿ ಹುಲ್ಲಿನ ಮೇಲೆ ಮೆಲ್ಲಗೆ ಇಳಿಯಿತು.

ಅಲ್ಲಿಂದ ನಾವು ಇಬ್ಬರಾದೆವು. ಆಮೇಲೆ ನನ್ನ ಹಳೇ ಗೆಳೆಯ, ಅವನ ಹನ್ನೊಂದು ವರ್ಷದ ಮಗಳು ಸೇರಿದರು. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ.

ಬುಟ್ಟಿ ಬೇಕಲ್ಲ. ಗಿಡಕ್ಕೇ ಗುರಿಯಿಟ್ಟು ಹೊಡೆಯಬಹುದಿತ್ತು, ಹಳಬರು ಹಾಗೇ ಆಡಿದ್ದು. ನನಗೆ ಮನಸ್ಸು ಬರಲಿಲ್ಲ. ಮತ್ತೆ ಮತ್ತೆ ಏಟು ಬಿದ್ದರೆ ತೊಗಟೆ ಹೋಗುತ್ತದೆ. ಅಮೆರಿಕದಲ್ಲಿ ಕೆಲವು ಕೋರ್ಸ್‌ಗಳಲ್ಲಿ ದಾರಿಗೆ ಹತ್ತಿರದ ಗಿಡಗಳ ಬೊಡ್ಡೆಗೆ ಹಲಗೆಯ ಪಟ್ಟಿ ಸುತ್ತಿ ಕಾಪಾಡುತ್ತಾರೆ. ಎಲ್ಲರೂ ನಿಲ್ಲುವ ಜಾಗದಲ್ಲಿ ಮಣ್ಣು ತುಳಿದು ಗಟ್ಟಿಯಾಗುತ್ತದೆ ಅಂತ ಮರದ ಚೂರು ಹರಡುತ್ತಾರೆ. ಗಿಡಕ್ಕೆ ಪ್ರೀತಿಯಿಂದ ಬಂದವರಿಂದಲೂ ಗಿಡಕ್ಕೆ ಪೆಟ್ಟಾಗುತ್ತದೆ, ಅದನ್ನು ಮುಚ್ಚಿಡಬಾರದು. ನಾವು ಪಟರ್ ಮಾತ್ರ ಬಳಸುತ್ತೇವೆ. ತೆಳು ತೊಗಟೆಯ ಪೇರಲ ಗಿಡಗಳ ಕಡೆ ಎಸೆಯುವುದಿಲ್ಲ. ಮತ್ತೆ, ಕಣ್ಣಳತೆಯಲ್ಲಿ ಒಬ್ಬ ಮನುಷ್ಯ ಕಂಡರೂ ಕೈ ಎತ್ತುವುದಿಲ್ಲ. ಅಜ್ಜನ ಕಾಲಿನ ಹತ್ತಿರ ಬಿದ್ದ ಆ ಮೊದಲ ಡಿಸ್ಕು ನನಗೆ ಮರೆತಿಲ್ಲ.

ಬುಟ್ಟಿಗೆ ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಬ್ಬ ವೆಲ್ಡರ್ ಹತ್ತಿರ ಹೋದೆ. ಫೋಟೋ ತೋರಿಸಿದೆ. ಒಂದು ಕಬ್ಬಿಣದ ಕೊಳವೆ, ಮೇಲೆ ಹಳೇ ಸೈಕಲ್ ರಿಮ್, ಕೆಳಗೆ ಸೊಂಟದ ಎತ್ತರಕ್ಕೆ ಒಂದು ಬಳೆ. ಬಳೆಯಲ್ಲಿ ಕೂರಿಸಲು ಸಂತೆಯಿಂದ ಬಿದಿರಿನ ಹೆಡಗಿ ತಂದೆ. ಮೊದಲು ರಿಮ್ಮಿನಿಂದ ನೈಲಾನ್ ಹಗ್ಗ ಇಳಿಬಿಟ್ಟೆವು. ಡಿಸ್ಕು ಹಗ್ಗದ ನಡುವೆ ನುಗ್ಗಿ ಆಚೆ ಹೋಗುತ್ತಿತ್ತು. ಬಿಗಿದು ಕಟ್ಟಿದರೆ ಚಿಮ್ಮಿ ಹೊರಗೆ ಬೀಳುತ್ತಿತ್ತು. ಆಗ ಗೊತ್ತಾಯಿತು ಹೆಡ್ರಿಕ್ ಸರಪಳಿಯನ್ನೇ ಯಾಕೆ ಆರಿಸಿದ ಅಂತ. ಸಡಿಲವಾಗಿ ತೂಗುವ ಸರಪಳಿಗೆ ಭಾರ ಇದೆ, ಬಿಗಿ ಇಲ್ಲ. ಡಿಸ್ಕು ತನ್ನ ವೇಗವನ್ನೆಲ್ಲ ಸರಪಳಿಗೆ ಕೊಟ್ಟು, ಸುಮ್ಮನಾಗಿ ಕೆಳಗೆ ಬೀಳುತ್ತದೆ. ವೆಲ್ಡರ್ ಇದನ್ನು ಕೇಳಿ ತಾನೇ ಹುಡುಕಿ ತೆಳ್ಳನೆಯ ಸರಪಳಿ ಹಾಕಿಕೊಟ್ಟ. ಎರಡು ಸುತ್ತು, ಹೊರಗೊಂದು ಒಳಗೊಂದು.

ಮೊದಲ ಸಲ ಡಿಸ್ಕು ಅದರಲ್ಲಿ ಬಿದ್ದಾಗ ಝಲ್ ಅಂತ ಸದ್ದು ಬಂತು. ಅಜ್ಜ ನಿಂತಲ್ಲೇ ನಿಂತರು. "ಎತ್ತಿನ ಕೊಳ್ಳಾಗಿನ ಗೆಜ್ಜಿ ಕೇಳಿದಂಗಾತು. ಕಾರಹುಣ್ಣಿವಿ ನೆನಪಾತು ನೋಡ" ಅಂದರು. ಈಗ ಯಾರ ಡಿಸ್ಕು ಬಿದ್ದರೂ ನಾವು ಕಾರಹುಣ್ಣಿವಿ ಅಂತಲೇ ಕೂಗುತ್ತೇವೆ.

ಒಂದೇ ಬುಟ್ಟಿ, ಆರು ಹೋಲ್. ಒಂದು ಮುಗಿದ ಮೇಲೆ ನಾವು ಅಲ್ಲೇ ನಿಲ್ಲುತ್ತೇವೆ. ಗೆಳೆಯ ಬುಟ್ಟಿ ಹೊತ್ತುಕೊಂಡು ಮುಂದಿನ ಜಾಗಕ್ಕೆ ಹೋಗುತ್ತಾನೆ. ಅವನ ಮಗಳು ನೋಟ್‌ಬುಕ್ಕಿನಲ್ಲಿ ಹೋಲ್‌ಗಳ ಹೆಸರು ಬರೆದಿದ್ದಾಳೆ. ಅವಳಿ ಬೇವು. ಕಾಗಿ ಗಿಡ. ಗೂನು ಹುಣಸಿ. ಪಕ್ಕದಲ್ಲಿ ಪೆನ್ಸಿಲಿನ ಚಿತ್ರ. ಯಾವ ತಿಂಗಳು ಯಾವುದು ಎಲೆ ಉದುರಿಸಿತು, ಯಾವುದು ಚಿಗುರಿತು, ಅದೂ ಇದೆ. ಅದನ್ನು ಬರಿ ಅಂತ ಯಾರೂ ಹೇಳಿರಲಿಲ್ಲ. ಎಲೆ ಉದುರಿದರೆ ದಾರಿ ಬದಲಾಗುತ್ತದೆ, ಹಾಗಾಗಿ ಬರೆದುಕೊಂಡಳು.

ಆಗಸ್ಟಿನಲ್ಲಿ ಒಂದು ಡಿಸ್ಕು ಕಳೆಯಿತು. ಹುಡುಗ ಕೊಟ್ಟದ್ದರಲ್ಲಿ ನನಗೆ ಬಹಳ ಇಷ್ಟದ್ದು, ಹಸಿರು ಬಣ್ಣದ್ದು. ಕಾಗಿ ಗಿಡದ ಟೊಂಗೆಗೆ ತಾಗಿ ಲಂಟಾನದ ಪೊದೆಗೆ ಹೋದದ್ದನ್ನು ನಾಲ್ಕೂ ಜನ ಕಂಡಿದ್ದೆವು. ಆಟದ ನಿಯಮದಲ್ಲಿ ಹುಡುಕಲು ಮೂರು ನಿಮಿಷ ಅಷ್ಟೇ. ಸಿಗದಿದ್ದರೆ ದಂಡವಾಗಿ ಒಂದು ಎಸೆತ ಕೂಡಿಸಿಕೊಂಡು ಮುಂದೆ ಹೋಗಬೇಕು. ನಾವು ಮೂರು ಭಾನುವಾರ ಹುಡುಕಿದೆವು. ಅಜ್ಜ ಛತ್ರಿಯ ತುದಿಯಿಂದ ಪೊದೆ ಸರಿಸುತ್ತಾ ಹೋಗುವರು, ನಾವು ಹಿಂದೆ. ಪೊದೆಯ ಒಳಗೆ ಒಂದು ಹುತ್ತ ಇತ್ತು. ಅಜ್ಜ ಚಪ್ಪಲಿ ಬಿಟ್ಟು ಕೈ ಮುಗಿದು, ಆ ಕಡೆ ಹೋಗಬೇಡಿ ಅಂದರು. ಹುಡುಗಿಗೆ ನವಿಲಿನ ಗರಿ ಸಿಕ್ಕಿತು. ಬೇವಿನ ಸಸಿಗಳು ಏಳೆಂಟು, ಒಂದು ಸೀತಾಫಲ. ನನ್ನ ಪ್ಯಾಂಟಿಗೆ ಅಂಟಿದ್ದ ಕಾಳುಗಳನ್ನು ಒಂದೊಂದೇ ಬಿಡಿಸುತ್ತಾ ಅಜ್ಜ "ಇದು ಉತ್ತರಾಣಿ. ಗಣಪ್ಪನ ಪೂಜಿಗೆ ಬೇಕಲ್ಲ, ಅದ" ಅಂದರು. ಪ್ರತಿ ವರ್ಷ ಚೌತಿಗೆ ದುಡ್ಡು ಕೊಟ್ಟು ಪತ್ರಿ ತರುತ್ತೇನೆ. ಅದು ನನ್ನ ಮನೆಯ ಹಿಂದೆ ಬೆಳೆಯುತ್ತದೆ ಅಂತ ಗೊತ್ತಿರಲಿಲ್ಲ.

ಡಿಸ್ಕು ಸಿಗಲಿಲ್ಲ. ಅದರ ಮೇಲೆ ನನ್ನ ನಂಬರ್ ಇದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗೆಲ್ಲ ಈಗಲೂ ನನಗೆ ಅದೇ ನೆನಪಾಗುತ್ತದೆ.

ಈ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಮಳೆ ಜೋರಾಗಿ ಬಂತು. ಮಾರನೇ ದಿನ ಭಾನುವಾರ. ಹೋಗಿ ನೋಡಿದರೆ ಗೂನು ಹುಣಸಿ ಬಿದ್ದಿತ್ತು. ಬೇರು ಕಿತ್ತು, ಕೆಂಪು ಮಣ್ಣು ಹೊತ್ತುಕೊಂಡು, ಉದ್ದಕ್ಕೆ ಮಲಗಿತ್ತು. ಅದು ನಮ್ಮ ಐದನೇ ಹೋಲ್. ಅದರ ಬಾಗಿದ ಬೆನ್ನಿನ ಕೆಳಗಿನಿಂದ ಡಿಸ್ಕು ದಾಟಿಸಬೇಕಿತ್ತು. ಇಡೀ ಉದ್ಯಾನದಲ್ಲಿ ಅತಿ ಕಷ್ಟದ ಎಸೆತ ಅದು. ಹುಡುಗಿ ನೋಟ್‌ಬುಕ್ ತೆರೆದು ತನ್ನ ಚಿತ್ರ ನೋಡಿದಳು, ಮುಚ್ಚಿದಳು. ಆ ದಿನ ಆಡಲಿಲ್ಲ. ಮುಂಚೆ ಆಗಿದ್ದರೆ ಒಂದು ಗಿಡ ಬಿದ್ದಿದೆ ಅಂತ ದಾಟಿಕೊಂಡು ಹೋಗುತ್ತಿದ್ದೆ. ಈಗ ಅದರ ಯಾವ ಟೊಂಗೆ ಎಲ್ಲಿತ್ತು ಅಂತ ಕಣ್ಣು ಮುಚ್ಚಿ ಹೇಳಬಲ್ಲೆ.

ಎರಡು ದಿನದಲ್ಲಿ ಕಟ್ಟಿಗೆ ಕತ್ತರಿಸಿ ಸಾಗಿಸಿದರು. ಅಲ್ಲಿ ಈಗ ಬಿಸಿಲು ಬೀಳುತ್ತದೆ. ಮುಂದಿನ ವಾರ ಐದನೇ ಹೋಲ್ ಆಡಿದೆವು. ನೇರ ಬಯಲು. ನಾಲ್ಕೂ ಜನ ಎರಡೇ ಎಸೆತದಲ್ಲಿ ಮುಗಿಸಿದೆವು. ಸರಪಳಿ ಝಲ್ ಅಂದರೂ ಯಾರೂ ಕಾರಹುಣ್ಣಿವಿ ಅಂತ ಕೂಗಲಿಲ್ಲ.

"ಕಾಕಾ, ಇದು ಬ್ಯಾಡ" ಅಂದಳು ಹುಡುಗಿ. ನಾವು ನಿಲ್ಲುವ ಜಾಗವನ್ನೇ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿಸಿದೆವು. ಈಗ ಅವಳಿ ಬೇವು ಅಡ್ಡ ಬರುತ್ತವೆ. ಎರಡರ ನಡುವೆ ಒಂದು ಮಾರು ಜಾಗ. ಅದರಾಚೆ ಬಲಕ್ಕೆ ತಿರುಗಬೇಕು. ಮೊದಲು ನಾನು ಎಸೆದೆ. ಎಡ ಬೇವಿಗೆ ಟಪ್ ಅಂತ ಬಡಿದು ನಿಂತಿತು. ಹೋಗಿ ತೊಗಟೆ ಸವರಿ ನೋಡಿದೆ, ಏನೂ ಆಗಿರಲಿಲ್ಲ. ಅಷ್ಟರಲ್ಲಿ ಹನಿ ಶುರುವಾಯಿತು. ಅಜ್ಜ ತಮ್ಮ ಛತ್ರಿ ಬಿಚ್ಚಿ ನನ್ನ ಕೈಗೆ ಕೊಟ್ಟರು, ಡಿಸ್ಕನ್ನು ಧೋತರಕ್ಕೆ ಒರೆಸಿಕೊಂಡರು.

"ನೀ ಇದನ್ನ ಹಿಡಕೊಂಡು ಆ ಕಡೆ ಸರಿ ತಮ್ಮಾ. ಇದು ಬಲಕ್ಕ ಹೊಳ್ಳೋ ದಾರಿ. ನನ್ನ ಕೈಗೆ ಬರ್ತದ."